ಮಾಹಿತಿ ಪ್ರಬಂಧ ಬರೆಯುವುದು ಹೇಗೆ? ವಿದ್ಯಾರ್ಥಿವೇತನದ ಅರ್ಜಿದಾರರಿಗೆ ಕೆಲವು ಮಾತು





ಈ ವರದಿಯ ಕೊನೆಯ ಪುಟಗಳಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆ ಇದೆ. ಅರ್ಜಿಯ ಜೊತೆಗೆ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇರಬೇಕು. ಇವುಗಳಲ್ಲದೆ ವಿದ್ಯಾರ್ಥಿಯೇ ಕೈಯಾರೆ ಬರೆದ ಒಂದು ಪುಟದ ಮಾಹಿತಿ ಪ್ರಬಂಧವನ್ನೂ ಕೇಳಲಾಗಿದೆ. ಉಳಿದ ಕಾಗದಗಳನ್ನು ಶಾಲೆ ಅಥವಾ ಕಚೇರಿಗಳು ಕೊಡುತ್ತವೆ. ಈ ಒಂದು ಪುಟ ಮಾತ್ರ ಪೂರ್ತಿಯಾಗಿ ಮಗುವಿನದು. ಆದ್ದರಿಂದಲೇ ಅರ್ಜಿಗಳನ್ನು ಪರಿಶೀಲಿಸುವವರು ಅದನ್ನು ಗಮನವಿಟ್ಟು ಓದುತ್ತಾರೆ.

"ಏನು ಬರೆಯಬೇಕು ಸಾರ್? ಯಾವ ಪುಸ್ತಕ ನೋಡಬೇಕು?" ಎಂದು ಉಡಿಗಾಲದ ಮಕ್ಕಳೂ, ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮಕ್ಕಳೂ ಪ್ರತಿ ವರ್ಷ ಕೇಳುತ್ತಾರೆ. ಪೋಷಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನೀವೇ ಒಂದು ಬರೆದುಕೊಡಿ, ಮಗಳು ನೋಡಿ ಬರೆಯುತ್ತಾಳೆ" ಎನ್ನುತ್ತಾರೆ. ಬರೆದುಕೊಡುವುದು ಸುಲಭ, ಆದರೆ ಅದರಿಂದ ಮಗುವಿಗೆ ಏನೂ ಉಪಕಾರವಾಗುವುದಿಲ್ಲ. ಬರೆಯುವ ದಾರಿಯನ್ನು ತೋರಿಸಿದರೆ ಅದು ಜೀವನಪೂರ್ತಿ ಜೊತೆಗಿರುತ್ತದೆ. ಆ ದಾರಿಯನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ತೊಂದರೆ ಎಲ್ಲಿದೆ?

ನಮ್ಮ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದು ಕೆಲವರು ಹೇಳುವುದುಂಟು. ತರಗತಿಯಲ್ಲಿ ಹಲವು ವರ್ಷ ನಿಂತ ನನಗೆ ಹಾಗೆ ಅನ್ನಿಸಿಲ್ಲ. ಮಕ್ಕಳಿಗೆ ಬೇಕಾದಷ್ಟು ಗೊತ್ತಿದೆ. ಆದರೆ ತಮಗೆ ಗೊತ್ತಿರುವುದು ಪ್ರಬಂಧದಲ್ಲಿ ಬರೆಯುವಂಥ ವಿಷಯವಲ್ಲ ಎಂದು ಅವರು ತಿಳಿದುಕೊಂಡಿದ್ದಾರೆ. ತೊಂದರೆ ಇರುವುದು ಅಲ್ಲಿ.

ಅರಿಶಿನ ಅಗೆಯುವ ಕಾಲದಲ್ಲಿ ತಾಯಿಯ ಜೊತೆ ಕೂಲಿಗೆ ಹೋಗುವ ಹುಡುಗಿಯೊಬ್ಬಳನ್ನು ನೆನೆಸಿಕೊಳ್ಳಿ. ಗಡ್ಡೆಯನ್ನೂ ಕೊಂಬನ್ನೂ ಬೇರೆ ಮಾಡುವುದು ಹೇಗೆ, ಬೇಯಿಸಿದ ಅರಿಶಿನ ಒಣಗಲು ಎಷ್ಟು ದಿನ ಬೇಕು, ಮೋಡ ಮುಚ್ಚಿದರೆ ಏನು ಮಾಡಬೇಕು ಎಂಬುದೆಲ್ಲ ಅವಳಿಗೆ ತಿಳಿದಿರುತ್ತದೆ. ಅವಳಿಗೆ 'ನಮ್ಮ ಊರಿನ ಕೃಷಿ' ಎಂಬ ವಿಷಯ ಕೊಟ್ಟರೆ ಅವಳು ಹೀಗೆ ಬರೆಯುತ್ತಾಳೆ: "ಭಾರತವು ಕೃಷಿ ಪ್ರಧಾನವಾದ ದೇಶ. ರೈತನು ದೇಶದ ಬೆನ್ನೆಲುಬು. ರೈತನಿಲ್ಲದಿದ್ದರೆ ನಾವಿಲ್ಲ. ಆದ್ದರಿಂದ ನಾವೆಲ್ಲರೂ ರೈತನನ್ನು ಗೌರವಿಸಬೇಕು."

ಈ ಸಾಲುಗಳಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಓದಿದವರಿಗೆ ಒಂದೂ ಹೊಸ ಸಂಗತಿ ತಿಳಿಯಲಿಲ್ಲ. ಇದನ್ನು ಬೀದರಿನ ಹುಡುಗ ಬರೆದನೋ ಉಡಿಗಾಲದ ಹುಡುಗಿ ಬರೆದಳೋ ಹೇಳಲಾಗುವುದಿಲ್ಲ. ನೂರು ಅರ್ಜಿಗಳ ನಡುವೆ ಇಂಥ ಪುಟ ಬಂದರೆ ಓದುವವರಿಗೆ ಆ ಮಗು ಕಾಣಿಸುವುದೇ ಇಲ್ಲ. ಅವಳ ಕೈಗೆ ಗೊತ್ತಿದ್ದದ್ದು ಕಾಗದದ ಮೇಲೆ ಬರಲೇ ಇಲ್ಲ.

ಮಾಹಿತಿ ಪ್ರಬಂಧ ಎಂದರೇನು?

ಪ್ರಬಂಧದಲ್ಲಿ ಹಲವು ಬಗೆ. ಲಲಿತ ಪ್ರಬಂಧದಲ್ಲಿ ಬರೆಯುವವರ ಮನೋಧರ್ಮ, ಹಾಸ್ಯ, ನೆನಪುಗಳಿಗೆ ಜಾಗ ಹೆಚ್ಚು. ವಿಚಾರ ಪ್ರಬಂಧದಲ್ಲಿ ಒಂದು ವಾದವನ್ನು ಮಂಡಿಸಿ ಓದುಗರನ್ನು ಒಪ್ಪಿಸಬೇಕು. ಮಾಹಿತಿ ಪ್ರಬಂಧದ ಕೆಲಸ ಇವೆರಡಕ್ಕಿಂತ ಸರಳ. ಒಂದು ವಿಷಯ ಗೊತ್ತಿಲ್ಲದವರಿಗೆ ಅದು ಅರ್ಥವಾಗುವಂತೆ ತಿಳಿಸಿದರೆ ಸಾಕು.

ಸರಳ ಎಂದ ಮಾತ್ರಕ್ಕೆ ಕಡಿಮೆ ಎಂದು ತಿಳಿಯಬೇಡಿ. ಕನ್ನಡದಲ್ಲಿ ದೊಡ್ಡವರು ಈ ಕೆಲಸ ಮಾಡಿದ್ದಾರೆ. ಶಿವರಾಮ ಕಾರಂತರು ಕಾದಂಬರಿಗಳನ್ನು ಬರೆದಂತೆಯೇ ಮಕ್ಕಳಿಗಾಗಿ 'ಬಾಲ ಪ್ರಪಂಚ' ಎಂಬ ವಿಶ್ವಕೋಶವನ್ನೂ ಬರೆದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು ಗಿಡಮರಗಳ ವಿಷಯವನ್ನು ಎಲ್ಲರೂ ಓದುವಂತೆ 'ಹಸುರು ಹೊನ್ನು' ಪುಸ್ತಕದಲ್ಲಿ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಥ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಕೇಳಿ ಓದಿ. ಮಾಹಿತಿ ಹೇಳುವ ಬರಹ ಒಣಗಿರಬೇಕಾಗಿಲ್ಲ ಎಂಬುದು ಅವುಗಳನ್ನು ಓದಿದರೆ ತಿಳಿಯುತ್ತದೆ.

ಮೊದಲ ಹೆಜ್ಜೆ: ವಿಷಯವನ್ನು ಪ್ರಶ್ನೆ ಮಾಡಿಕೊಳ್ಳಿ

'ಕೃಷಿ', 'ಪರಿಸರ', 'ನಮ್ಮ ಜಿಲ್ಲೆ' – ಇವೆಲ್ಲ ಒಂದು ಪುಟಕ್ಕೆ ತುಂಬ ದೊಡ್ಡ ವಿಷಯಗಳು. ದೊಡ್ಡ ವಿಷಯ ಹಿಡಿದವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದಿಲ್ಲ. ಆಗ ಗೈಡ್ ಪುಸ್ತಕದ ಸಾಲುಗಳು ನೆನಪಿಗೆ ಬರುತ್ತವೆ.

ಆದ್ದರಿಂದ ವಿಷಯವನ್ನು ಕಿರಿದು ಮಾಡಿ, ಒಂದು ಪ್ರಶ್ನೆಯ ರೂಪಕ್ಕೆ ತನ್ನಿ. 'ಕೃಷಿ' ಎಂಬುದು 'ಅರಿಶಿನ' ಆಗಲಿ. 'ಅರಿಶಿನ' ಎಂಬುದು 'ಹೊಲದಿಂದ ಅಗೆದ ಅರಿಶಿನವನ್ನು ಹಾಗೆಯೇ ಒಣಗಿಸದೆ ಬೇಯಿಸುವುದೇಕೆ?' ಎಂಬ ಪ್ರಶ್ನೆಯಾಗಲಿ. ಈಗ ದಾರಿ ಕಾಣಿಸುತ್ತದೆ. ಪ್ರಶ್ನೆಗೆ ಉತ್ತರ ಕೊಡುವ ಸಂಗತಿ ಒಳಗೆ ಬರಬೇಕು. ಉತ್ತರಕ್ಕೆ ಸಂಬಂಧವಿಲ್ಲದ್ದು ಎಷ್ಟು ಚೆನ್ನಾಗಿದ್ದರೂ ಹೊರಗೆ ಉಳಿಯಬೇಕು. ಪ್ರಬಂಧ ಬರೆಯುವಾಗ ಬರುವ ಅರ್ಧ ಗೊಂದಲ ಇದರಿಂದಲೇ ಕಳೆಯುತ್ತದೆ.

ಎರಡನೇ ಹೆಜ್ಜೆ: ಸಂಗತಿಗಳನ್ನು ಕೂಡಿಸಿ

ಪೆನ್ನು ಹಿಡಿದು ಕೂತ ಕೂಡಲೇ ಪ್ರಬಂಧ ಬರೆಯಲು ಹೋಗಬೇಡಿ. ಒಂದು ಹಾಳೆಯನ್ನು ಮೂರು ಭಾಗ ಮಾಡಿ. ಮೊದಲ ಭಾಗದಲ್ಲಿ 'ನಾನು ಕಂಡದ್ದು', ಎರಡನೆಯದರಲ್ಲಿ 'ಕೇಳಿ ತಿಳಿದದ್ದು', ಮೂರನೆಯದರಲ್ಲಿ 'ಓದಿ ತಿಳಿದದ್ದು' ಎಂದು ಬರೆದುಕೊಳ್ಳಿ.

ಅರಿಶಿನದ ಉದಾಹರಣೆಯನ್ನೇ ಮುಂದುವರಿಸೋಣ. ಬೇಯಿಸುವಾಗ ಏಳುವ ನೊರೆ, ಘಾಟು, ಬೆಂದಿದೆಯೇ ಎಂದು ಕಡ್ಡಿ ಚುಚ್ಚಿ ನೋಡುವುದು – ಇವು ಕಂಡ ಸಂಗತಿಗಳು. ಬೇಯಿಸುವ ಕೆಲಸ ಮಾಡುವವರನ್ನು "ಬೇಯಿಸದೇ ಇದ್ದರೆ ಏನಾಗುತ್ತದೆ?" ಎಂದು ಕೇಳಿದರೆ ಎರಡನೇ ಭಾಗ ತುಂಬುತ್ತದೆ. ನಿಮ್ಮ ಚಿಕ್ಕಪ್ಪನೋ ಪಕ್ಕದ ಮನೆಯವರೋ ಇದರಲ್ಲಿ ಪಂಡಿತರಾಗಿರಬಹುದು. ಯಾರೂ ಅವರನ್ನು ಕೇಳಿರುವುದಿಲ್ಲ ಅಷ್ಟೆ. ಬೇಯಿಸಿದರೆ ಬಣ್ಣ ಏಕೆ ಹರಡುತ್ತದೆ ಎಂಬಂಥ ಕಾರಣಗಳನ್ನು ವಿಜ್ಞಾನದ ಶಿಕ್ಷಕರಿಂದ, ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವ ಕರಪತ್ರಗಳಿಂದ, ಪುಸ್ತಕಗಳಿಂದ ಪಡೆಯಬಹುದು.

ಮೂರೂ ಭಾಗಗಳಲ್ಲಿ ಒಂದಿಷ್ಟಾದರೂ ಇರಲಿ. ಕಂಡದ್ದು ಮಾತ್ರ ಇದ್ದರೆ ಪ್ರಬಂಧ ನಿಮ್ಮ ಮನೆಯ ಕಥೆಯಾಗುತ್ತದೆ. ಓದಿದ್ದು ಮಾತ್ರ ಇದ್ದರೆ ಪಠ್ಯಪುಸ್ತಕದ ನಕಲಾಗುತ್ತದೆ. ಕಂಡದ್ದನ್ನು ಓದಿದ್ದು ವಿವರಿಸಬೇಕು, ಓದಿದ್ದನ್ನು ಕಂಡದ್ದು ಖಚಿತಪಡಿಸಬೇಕು.

ಮೂರನೇ ಹೆಜ್ಜೆ: ಸಾಲುಗೂಡಿಸಿ

ಕೂಡಿಸಿದ ಸಂಗತಿಗಳನ್ನು ಯಾವ ಕ್ರಮದಲ್ಲಿ ಇಡಬೇಕು? ಇದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು, ಕಾಲದ ಕ್ರಮ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದು ಹೇಳುವುದು. ಅರಿಶಿನ ಸಂಸ್ಕರಣೆ, ರೇಷ್ಮೆ ಹುಳು ಸಾಕಣೆ, ಸೈಕಲ್ ಪಂಕ್ಚರ್ ಹಾಕುವುದು – ಇಂಥ ಕೆಲಸಗಳನ್ನು ವಿವರಿಸಲು ಇದು ಸರಿ.

ಎರಡು, ಕಾರಣ ಮತ್ತು ಪರಿಣಾಮದ ಕ್ರಮ. ಹೀಗಾಯಿತು, ಏಕೆಂದರೆ ಹೀಗೆ ಎಂದು ಹೇಳುವುದು. 'ಬೇಸಿಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿ ಬತ್ತುವುದೇಕೆ?' ಎಂಬಂಥ ಪ್ರಶ್ನೆಗೆ ಇದು ಹೊಂದುತ್ತದೆ.

ಮೂರು, ವಿಭಾಗಗಳ ಕ್ರಮ. ಒಂದು ವಸ್ತುವಿನ ಬಗೆಗಳನ್ನು ಒಂದೊಂದಾಗಿ ಹೇಳುವುದು. 'ತೆರಕಣಾಂಬಿ ಮಾರುಕಟ್ಟೆಗೆ ಯಾವ ಯಾವ ತರಕಾರಿ ಯಾವ ಕಾಲದಲ್ಲಿ ಬರುತ್ತದೆ?' ಎಂಬುದಕ್ಕೆ ಇದು ಸೂಕ್ತ.

ಹಾಳೆಯಲ್ಲಿ ಬರೆದುಕೊಂಡ ಸಂಗತಿಗಳ ಪಕ್ಕದಲ್ಲಿ 1, 2, 3 ಎಂದು ಅಂಕಿ ಹಾಕಿ. ಅಂಕಿ ಹಾಕಲು ಬಾರದ ಸಂಗತಿಯನ್ನು ಬಿಟ್ಟುಬಿಡಿ. ಆಮೇಲೆ ಬರೆಯಲು ಶುರು ಮಾಡಿ.

ನಾಲ್ಕನೇ ಹೆಜ್ಜೆ: ಬರೆಯಿರಿ

ಮೊದಲ ಪ್ಯಾರಾದಲ್ಲಿ ಪ್ರಶ್ನೆ ಯಾವುದು ಎಂಬುದು ಓದುಗರಿಗೆ ತಿಳಿಯಬೇಕು. ನಡುವಿನ ಒಂದೊಂದು ಪ್ಯಾರಾದಲ್ಲಿ ಒಂದೊಂದೇ ಸಂಗತಿ ಇರಬೇಕು. ಕೊನೆಯ ಪ್ಯಾರಾದಲ್ಲಿ ಉತ್ತರ ಮುಗಿಯಬೇಕು. ಉಪದೇಶ, ಘೋಷಣೆ, ಜೈಕಾರ ಯಾವುದೂ ಬೇಡ. ಮೇಲೆ ಹೇಳಿದ ಹೆಜ್ಜೆಗಳಂತೆ ಬರೆದರೆ ಪ್ರಬಂಧ ಹೇಗಿರಬಹುದು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಇದನ್ನು ನಕಲು ಮಾಡಬೇಡಿ. ಕಟ್ಟಿರುವ ಬಗೆಯನ್ನು ಮಾತ್ರ ನೋಡಿ.

"ಅಂಗಡಿಯಲ್ಲಿ ಸಿಗುವ ಅರಿಶಿನದ ಕೊಂಬು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಹೊಲದಲ್ಲಿ ಅಗೆದ ಅರಿಶಿನ ಹಸಿ ಶುಂಠಿಯಂತೆ ನೀರು ತುಂಬಿಕೊಂಡಿರುತ್ತದೆ. ಹಸಿ ಅರಿಶಿನವನ್ನು ಒಣಗಿಸುವ ಮೊದಲು ಬೇಯಿಸುತ್ತಾರೆ. ಏಕೆ?

ನಮ್ಮ ಕಡೆ ಮೇ, ಜೂನ್ ಹೊತ್ತಿಗೆ ಅರಿಶಿನ ನೆಡುತ್ತಾರೆ. ಎಂಟು, ಒಂಬತ್ತು ತಿಂಗಳು ಕಳೆದು ಎಲೆ ಒಣಗಿದ ಮೇಲೆ ಅಗೆಯುತ್ತಾರೆ. ನಡುವಿನ ದಪ್ಪ ಗಡ್ಡೆಯನ್ನೂ ಅದರಿಂದ ಬೆಳೆದ ಕೊಂಬುಗಳನ್ನೂ ಬೇರೆ ಮಾಡಿ, ಬೇರೆ ಬೇರೆಯಾಗಿಯೇ ಬೇಯಿಸುತ್ತಾರೆ. ಗಡ್ಡೆ ದಪ್ಪವಾದ್ದರಿಂದ ಅದು ಬೇಯಲು ಹೆಚ್ಚು ಹೊತ್ತು ಬೇಕು. ಕಡ್ಡಿ ಚುಚ್ಚಿದಾಗ ಸಲೀಸಾಗಿ ಒಳಗೆ ಇಳಿದರೆ ಬೆಂದಿದೆ ಎಂದು ಅರ್ಥ.

ಬೇಯಿಸುವುದರಿಂದ ಮೂರು ಪ್ರಯೋಜನಗಳಿವೆ. ಮೊದಲನೆಯದಾಗಿ, ಬೆಂದ ಅರಿಶಿನ ಮತ್ತೆ ಮೊಳಕೆ ಒಡೆಯುವುದಿಲ್ಲ. ಎರಡನೆಯದಾಗಿ, ಹಳದಿ ಬಣ್ಣ ಕೊಂಬಿನ ತುಂಬ ಒಂದೇ ಸಮನಾಗಿ ಹರಡುತ್ತದೆ. ಮೂರನೆಯದಾಗಿ, ಬೇಯಿಸದ ಅರಿಶಿನಕ್ಕಿಂತ ಬೇಗ ಒಣಗುತ್ತದೆ. ಒಳ್ಳೆಯ ಬಿಸಿಲಿದ್ದರೆ 10ರಿಂದ 15 ದಿನ ಸಾಕು.

ಒಣಗಿದ ಅರಿಶಿನದ ತೂಕ ಹಸಿಯ ತೂಕದ ಹೆಚ್ಚುಕಡಿಮೆ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದನ್ನು ತಿರುಗುವ ಡ್ರಮ್ಮಿಗೆ ಹಾಕಿ ಮೇಲಿನ ಸಿಪ್ಪೆ ಉಜ್ಜಿ ತೆಗೆದು ಮಾರಾಟ ಮಾಡುತ್ತಾರೆ. ನಮ್ಮ ಜಿಲ್ಲೆಯ ಅರಿಶಿನ ದಿಂಬಂ ಘಾಟಿ ಇಳಿದು ತಮಿಳುನಾಡಿನ ಈರೋಡಿನ ಮಾರುಕಟ್ಟೆಗೂ ಹೋಗುತ್ತದೆ. ಅಲ್ಲಿ ಕೊಳ್ಳುವವರು ಕೊಂಬನ್ನು ಮುರಿದು ಒಳಗಿನ ಬಣ್ಣ ನೋಡುತ್ತಾರೆ. ಸರಿಯಾಗಿ ಬೇಯದ ಅರಿಶಿನ ಅಲ್ಲಿಯೇ ಗೊತ್ತಾಗುತ್ತದೆ."

ಈ ಮಾದರಿಯಲ್ಲಿ ಏನೇನಿದೆ ನೋಡಿ. ಕಷ್ಟದ ಪದ ಒಂದೂ ಇಲ್ಲ. ರೈತನನ್ನು ಹೊಗಳುವ ಸಾಲೂ ಇಲ್ಲ. ಆದರೂ ಓದಿ ಮುಗಿಸಿದಾಗ ಈ ಕೆಲಸ ಮಾಡುವವರ ಮೇಲೆ ಗೌರವ ಹುಟ್ಟುತ್ತದೆ. ಸಂಗತಿಗಳನ್ನು ಸರಿಯಾಗಿ ಹೇಳಿದರೆ ಗೌರವಿಸಿ ಎಂದು ಬೇರೆ ಹೇಳಬೇಕಾಗಿಲ್ಲ.

'ತುಂಬಾ', 'ಬಹಳ' ಎಂಬ ಪದಗಳು

'ತುಂಬಾ ಹಿಂದೆ', 'ಬಹಳ ದೂರ', 'ಅನೇಕ ಜನ' – ಇಂಥ ಮಾತು ಬಂದ ಕಡೆಯಲ್ಲೆಲ್ಲ ನಿಂತು, 'ಎಷ್ಟು? ಯಾವಾಗ? ಎಲ್ಲಿ?' ಎಂದು ನಿಮ್ಮನ್ನೇ ಕೇಳಿಕೊಳ್ಳಿ. "ನಮ್ಮ ಜಿಲ್ಲೆ ಇತ್ತೀಚೆಗೆ ಆಯಿತು" ಎನ್ನುವುದಕ್ಕಿಂತ "ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಯಿತು" ಎಂದರೆ ಮಾಹಿತಿಯಾಗುತ್ತದೆ. "ನಮ್ಮ ಪಟ್ಟಣಕ್ಕೆ ಹಿಂದೆ ಬೇರೆ ಹೆಸರಿತ್ತು" ಎನ್ನುವುದಕ್ಕಿಂತ "ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಊರಿಗೆ ಇಟ್ಟರು" ಎಂದರೆ ಓದುಗರ ಕೈಗೆ ಏನೋ ಸಿಕ್ಕಿದಂತಾಗುತ್ತದೆ.

ಅಂಕಿ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ತಪ್ಪು ಅಂಕಿಗಿಂತ ಅಂಕಿ ಇಲ್ಲದಿರುವುದು ಮೇಲು. ಪರಿಶೀಲಿಸುವವರಿಗೆ ಒಂದು ಅಂಕಿ ಸುಳ್ಳೆಂದು ತಿಳಿದರೆ ಉಳಿದ ಸತ್ಯ ಸಂಗತಿಗಳ ಮೇಲೂ ನಂಬಿಕೆ ಹೋಗುತ್ತದೆ.

ಸಂಗತಿ ಬೇರೆ, ಅಭಿಪ್ರಾಯ ಬೇರೆ

ನಮ್ಮ ಕಡೆಯ ಮಕ್ಕಳಿಗೆ ಪ್ರಿಯವಾದ ಇನ್ನೊಂದು ವಿಷಯ ಬಂಡೀಪುರ. ಗುಂಡ್ಲುಪೇಟೆಯಿಂದ ಕೇರಳದ ಕಡೆಗೂ ಊಟಿಯ ಕಡೆಗೂ ಹೋಗುವ ಹೆದ್ದಾರಿಗಳು ಆ ಕಾಡಿನೊಳಗೇ ಹಾದುಹೋಗುತ್ತವೆ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಅದು. 2009ರಿಂದ ಈ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿ ಇದೆ. ಈ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ.

ಇದರ ಮೇಲೆ ಪ್ರಬಂಧ ಬರೆಯುವಾಗ ಮೂರು ಬಗೆಯ ವಾಕ್ಯಗಳನ್ನು ಬೇರೆ ಬೇರೆ ಗುರುತಿಸಬೇಕು.

"ರಾತ್ರಿ 9ರಿಂದ ಬೆಳಗಿನ 6ರವರೆಗೆ ನಿರ್ಬಂಧವಿದೆ" – ಇದು ಸಂಗತಿ. ಯಾರು ಬೇಕಾದರೂ ಚೆಕ್‌ಪೋಸ್ಟಿಗೆ ಹೋಗಿ ನೋಡಬಹುದು.

"ರಾತ್ರಿ ವಾಹನಗಳು ಓಡಿದರೆ ಪ್ರಾಣಿಗಳು ಸಾಯುತ್ತವೆ ಎಂದು ವನ್ಯಜೀವಿ ಸಂರಕ್ಷಕರು ಹೇಳುತ್ತಾರೆ; ನಿರ್ಬಂಧದಿಂದ ಸರಕು ಸಾಗಣೆಗೂ ಪ್ರಯಾಣಿಕರಿಗೂ ತೊಂದರೆ ಎಂದು ವಯನಾಡಿನ ಕಡೆಯವರು ಹೇಳುತ್ತಾರೆ" – ಇದು ಬೇರೆಯವರ ವಾದ. ಯಾರ ವಾದ ಎಂದು ಹೇಳಿ ಬರೆದರೆ ಅದೂ ಮಾಹಿತಿಯೇ.

"ಈ ನಿರ್ಬಂಧ ಬಹಳ ಒಳ್ಳೆಯದು" ಅಥವಾ "ಇದು ಅನ್ಯಾಯ" – ಇದು ಬರೆಯುವವರ ತೀರ್ಪು. ಮಾಹಿತಿ ಪ್ರಬಂಧದಲ್ಲಿ ಇದಕ್ಕೆ ಜಾಗವಿಲ್ಲ. ನಿಮಗೆ ಅಭಿಪ್ರಾಯ ಇರಬಾರದೆಂದಲ್ಲ. ಎರಡೂ ಕಡೆಯ ಮಾತನ್ನು ನ್ಯಾಯವಾಗಿ ಓದುಗರ ಮುಂದಿಟ್ಟರೆ ತೀರ್ಪನ್ನು ಅವರೇ ಮಾಡಿಕೊಳ್ಳುತ್ತಾರೆ. ತನಗೆ ಒಪ್ಪಿಗೆಯಿಲ್ಲದ ಮಾತನ್ನೂ ಸರಿಯಾಗಿ ಬರೆಯಬಲ್ಲ ಮಗು ಮುಂದೆ ವಕೀಲನಾಗಲಿ, ಪತ್ರಕರ್ತೆಯಾಗಲಿ, ಪಂಚಾಯಿತಿ ಸದಸ್ಯೆಯಾಗಲಿ, ಅದರ ಮಾತಿಗೆ ಬೆಲೆ ಇರುತ್ತದೆ.

ಮನೆಮಾತು ಉರ್ದು, ಬರೆಯುವುದು ಕನ್ನಡ

"ನಮ್ಮ ಮನೆಯಲ್ಲಿ ಉರ್ದು ಮಾತು. ಅದಕ್ಕೇ ಕನ್ನಡ ಪ್ರಬಂಧ ಕಷ್ಟ" ಎಂದು ಹೇಳುವವರಿದ್ದಾರೆ. ಇದನ್ನು ಕೊರತೆ ಎಂದು ತಿಳಿಯಬೇಡಿ. ಹಾಸನದ ಬಾನು ಮುಷ್ತಾಕ್ ಅವರು ಉರ್ದು ಮನೆಮಾತಿನ ಹಿನ್ನೆಲೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದವರು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ಅನುವಾದಿಸಿದ ಅವರ ಕನ್ನಡ ಕಥೆಗಳ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕವಿ ಕೆ.ಎಸ್. ನಿಸಾರ್ ಅಹಮದ್ ಅವರು ಭೂವಿಜ್ಞಾನದ ಅಧ್ಯಾಪಕರಾಗಿದ್ದರು. ಕಲ್ಲು, ಖನಿಜಗಳ ಪಾಠ ಮಾಡುತ್ತಲೇ ಕನ್ನಡದ ಮನೆಮಾತಾದ ಕವಿತೆಗಳನ್ನು ಬರೆದರು.

ಎರಡು ಭಾಷೆ ಇರುವ ಮನೆಯಲ್ಲಿ ಒಂದು ಅನುಕೂಲ ಇದೆ. ನಿಮ್ಮ ಪ್ರಶ್ನೆ ಮತ್ತು ಉತ್ತರವನ್ನು ಮೊದಲು ಮನೆಯ ಹಿರಿಯರಿಗೆ ಉರ್ದುವಿನಲ್ಲಿಯೇ ಬಾಯಿಮಾತಿನಲ್ಲಿ ಹೇಳಿ. ಹೇಳುವಾಗ ಗೈಡಿನ ವಾಕ್ಯಗಳು ಬರುವುದಿಲ್ಲ. ಅವು ಉರ್ದುವಿನಲ್ಲಿ ನಿಮಗೆ ಗೊತ್ತೇ ಇಲ್ಲ! ನಿಮ್ಮದೇ ಮಾತು ಬರುತ್ತದೆ. ಅದನ್ನೇ ಕನ್ನಡದಲ್ಲಿ ಬರೆಯಿರಿ.

ಅಕ್ಷರಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ದಖನಿ ಮಾತಾಡುವ ಮಕ್ಕಳಿಗೆ 'ಳ' ಮತ್ತು 'ಲ' ಅದಲು ಬದಲಾಗುತ್ತವೆ. "ಈ ವರ್ಷ ಅರಿಶಿನದ ಬೆಳೆ ಕಡಿಮೆ" ಎಂದರೆ ಒಂದು ಅರ್ಥ, "ಅರಿಶಿನದ ಬೆಲೆ ಕಡಿಮೆ" ಎಂದರೆ ಇನ್ನೊಂದು. ಬೆಳೆ ಕಡಿಮೆಯಾದರೆ ಬೆಲೆ ಏರುವುದೂ ಉಂಟು. ಒಂದು ಅಕ್ಷರದಿಂದ ಪ್ರಬಂಧವೇ ತಲೆಕೆಳಗಾಗುತ್ತದೆ. ಇನ್ನು 'ಅ' ಮತ್ತು 'ಹ' ಗೊಂದಲ ನಮ್ಮ ಜಿಲ್ಲೆಯ ಎಲ್ಲ ಮನೆಗಳದ್ದೂ ಹೌದು. 'ಹಾಡು' ಎಂದು ಬರೆಯುವ ಕಡೆ 'ಆಡು' ಎಂದು ಬರೆದರೆ ಹಾಡು ಹೋಗಿ ಮೇಕೆ ಬರುತ್ತದೆ. ಮಾತಿನಲ್ಲಿ ನಮ್ಮ ಊರಿನ ಭಾಷೆ ಚೆಂದವೇ. ಬರೆಯುವಾಗ ಮಾತ್ರ ಅನುಮಾನ ಬಂದ ಪದವನ್ನು ಪಠ್ಯಪುಸ್ತಕದಲ್ಲಿಯೋ ನಿಘಂಟಿನಲ್ಲಿಯೋ ನೋಡಿಕೊಳ್ಳಿ.

ಮೊಬೈಲಿನಲ್ಲಿ ಸಿಗುವ ಪ್ರಬಂಧ

ಈಗ ಮೊಬೈಲನ್ನು ಕೇಳಿದರೆ ಒಂದು ನಿಮಿಷದಲ್ಲಿ ಯಾವ ವಿಷಯದ ಮೇಲಾದರೂ ಪ್ರಬಂಧ ಸಿಗುತ್ತದೆ. ಮೊಬೈಲನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ಒಂದು ಇಸವಿ, ಒಂದು ಪದದ ಅರ್ಥ, ಒಂದು ಊರಿನ ದೂರ ನೋಡಿಕೊಳ್ಳಲು ಅದು ಉಪಯುಕ್ತ. ನೋಡಿದ್ದನ್ನು ಪುಸ್ತಕದಲ್ಲಿ ಅಥವಾ ತಿಳಿದವರ ಬಳಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಆದರೆ ಇಡೀ ಪ್ರಬಂಧವನ್ನು ಅಲ್ಲಿಂದ ಇಳಿಸಿಕೊಂಡರೆ ಪರಿಶೀಲಿಸುವವರಿಗೆ ತಕ್ಷಣ ತಿಳಿಯುತ್ತದೆ. ಅದು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೇಳುತ್ತದೆ. ನಿಮ್ಮ ಬೀದಿಯ ಕೊಳವೆಬಾವಿಯ ಬಗ್ಗೆ ಏನೂ ಹೇಳುವುದಿಲ್ಲ. ಟ್ರಸ್ಟು ಹುಡುಕುತ್ತಿರುವುದು ನಿಮ್ಮನ್ನು.

ಪೋಷಕರಿಗೆ

ತಾಯಂದಿರೇ, ತಂದೆಯರೇ, ನಿಮಗೆ ಓದು ಬರಹ ಬಾರದಿದ್ದರೂ ಈ ಕೆಲಸದಲ್ಲಿ ನಿಮಗೆ ದೊಡ್ಡ ಪಾತ್ರವಿದೆ. ಮಗು ಬರೆದದ್ದನ್ನು ನಿಮ್ಮ ಮುಂದೆ ಗಟ್ಟಿಯಾಗಿ ಓದಲು ಹೇಳಿ. ನಿಮಗೆ ಅರ್ಥವಾಗದ ಕಡೆ ನಿಲ್ಲಿಸಿ, "ಹಾಗೆಂದರೇನು?" ಎಂದು ಕೇಳಿ. ಮಗು ಬಾಯಲ್ಲಿ ಬಿಡಿಸಿ ಹೇಳಿದ್ದು ಬರೆದದ್ದಕ್ಕಿಂತ ಚೆನ್ನಾಗಿದ್ದರೆ, "ಈಗ ಹೇಳಿದ್ದನ್ನೇ ಬರಿ" ಎನ್ನಿ. ಇದಕ್ಕಿಂತ ಒಳ್ಳೆಯ ತಿದ್ದುಪಡಿಯನ್ನು ಯಾವ ಮೇಷ್ಟರೂ ಮಾಡಲಾರರು.

ಆದರೆ ದಯವಿಟ್ಟು ನೀವೇ ಬರೆಯಬೇಡಿ, ಬೇರೆಯವರಿಂದ ಬರೆಸಬೇಡಿ. ಒಂದೆರಡು ಕಾಗುಣಿತದ ತಪ್ಪಿರುವ ಮಗುವಿನ ಸ್ವಂತ ಪುಟಕ್ಕೆ, ತಪ್ಪಿಲ್ಲದ ಎರವಲು ಪುಟಕ್ಕಿಂತ ಹೆಚ್ಚು ಬೆಲೆ ಇದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ವಿನಂತಿ. ಮಾಹಿತಿ ಕೇಳಲು ಅವರು ಹೊಲಕ್ಕೆ, ಅಂಗಡಿಗೆ, ಗ್ರಂಥಾಲಯಕ್ಕೆ ಹೋಗಬೇಕಾಗುತ್ತದೆ. ಜೊತೆಗೆ ಯಾರನ್ನಾದರೂ ಕಳುಹಿಸಿ, ಆದರೆ ಕಳುಹಿಸಿ.

ದಾನಿಗಳಿಗೆ

ಹಣ ಕೊಡುವ ಟ್ರಸ್ಟಿಗೆ ಪ್ರಬಂಧದ ಗೊಡವೆ ಏಕೆ ಎಂದು ಕೆಲವು ದಾನಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಒಂದು ಕಾನೂನಿನ ಉದಾಹರಣೆ ಕೊಡುತ್ತೇನೆ.

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಜಾರಿಗೆ ಬಂತು. ಸರ್ಕಾರಿ ಕಚೇರಿಯಿಂದ ಮಾಹಿತಿ ಕೇಳಲು ಯಾವ ನಾಗರಿಕರಾದರೂ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದ ನಿಯಮಗಳಲ್ಲಿ ಇನ್ನೆರಡು ಮಾತು ಇವೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು.

ಒಂದೇ ವಿಷಯ, 150 ಪದ. ಅಂದರೆ ಏನು ಬೇಕು ಎಂಬುದನ್ನು ಒಂದು ಪ್ರಶ್ನೆಗೆ ಇಳಿಸಿ, ಯಾವಾಗ, ಎಲ್ಲಿ, ಎಷ್ಟು ಎಂದು ಖಚಿತವಾಗಿ ಬರೆಯಲು ಬಂದರೆ ಮಾತ್ರ ಈ ಹಕ್ಕು ಕೈಗೆ ಸಿಗುತ್ತದೆ. ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋದಾಗ, ವಿದ್ಯಾರ್ಥಿವೇತನದ ಹಣ ಖಾತೆಗೆ ಬಾರದಿದ್ದಾಗ, ಅಜ್ಜಿಯ ಪಿಂಚಣಿ ನಿಂತಾಗ ನಮ್ಮ ಎಷ್ಟೋ ಕುಟುಂಬಗಳು ಅರ್ಜಿ ಬರೆಸಲು ಇನ್ನೊಬ್ಬರ ಮುಂದೆ ನಿಲ್ಲುತ್ತವೆ, ದುಡ್ಡು ಕೊಡುತ್ತವೆ. ಬರೆದವರು "ಬಡವರು, ದಯೆ ತೋರಿ" ಎಂದು ಅರ್ಧ ಪುಟ ಬರೆಯುತ್ತಾರೆ. ಯಾವ ತಿಂಗಳ ಹಣ ಬಂದಿಲ್ಲ ಎಂಬುದೇ ಅದರಲ್ಲಿ ಇರುವುದಿಲ್ಲ. ಅಂಥ ಮನೆಯಲ್ಲಿ ಸ್ಪಷ್ಟವಾಗಿ ಬರೆಯಬಲ್ಲ ಒಂದು ಮಗು ಇದ್ದರೆ ಇಡೀ ಬೀದಿಗೆ ಅನುಕೂಲ. ನೀವು ಕೊಟ್ಟ ಹಣ ಒಂದು ವರ್ಷದ ಶುಲ್ಕಕ್ಕೆ ಮುಗಿಯುತ್ತದೆ. ಅದರ ಜೊತೆಗೆ ಮಗು ಕಲಿತ ಬರವಣಿಗೆ ಮುಗಿಯುವುದಿಲ್ಲ.

ಅರ್ಜಿ ಕೊಡುವ ಮೊದಲು

ಪ್ರಬಂಧ ಬರೆದು ಒಂದು ರಾತ್ರಿ ಹಾಗೆಯೇ ಇಟ್ಟು, ಮರುದಿನ ಈ ಆರು ಪ್ರಶ್ನೆಗಳನ್ನು ಕೇಳಿಕೊಳ್ಳಿ.

1. ನನ್ನ ಪ್ರಬಂಧ ಯಾವ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ?
2. ಆ ಪ್ರಶ್ನೆ ಮೊದಲ ಪ್ಯಾರಾದಲ್ಲಿಯೇ ಕಾಣಿಸುತ್ತದೆಯೇ?
3. ನಾನು ಕಂಡದ್ದು, ಕೇಳಿದ್ದು, ಓದಿದ್ದು ಮೂರೂ ಇವೆಯೇ?
4. ಪ್ರತಿಯೊಂದು ಅಂಕಿ, ಇಸವಿ, ಹೆಸರನ್ನು ಖಚಿತಪಡಿಸಿಕೊಂಡಿದ್ದೇನೆಯೇ?
5. ಸಂಗತಿಯ ಜಾಗದಲ್ಲಿ ಅಭಿಪ್ರಾಯ ಸೇರಿಕೊಂಡಿದೆಯೇ?
6. ಮನೆಯವರ ಮುಂದೆ ಗಟ್ಟಿಯಾಗಿ ಓದಿದಾಗ ಅವರಿಗೆ ಅರ್ಥವಾಯಿತೇ?

ಯಾವ ವಿಷಯ ಆರಿಸಿಕೊಳ್ಳಬೇಕೆಂದು ತಿಳಿಯದವರು ಇವುಗಳನ್ನು ನೋಡಬಹುದು: ಗುಂಡ್ಲುಪೇಟೆ ಕಡೆ ಬೆಳೆಯುವ ಚೆಂಡು ಹೂವು ಹಾರಕ್ಕಲ್ಲದೆ ಇನ್ನೇತಕ್ಕೆ ಬಳಕೆಯಾಗುತ್ತದೆ? ರೇಷ್ಮೆ ಗೂಡಿನಿಂದ ನೂಲು ತೆಗೆಯುವುದು ಹೇಗೆ? ಸುವರ್ಣಾವತಿ ಜಲಾಶಯದ ನೀರು ಎಲ್ಲೆಲ್ಲಿಗೆ ಹೋಗುತ್ತದೆ? ನಮ್ಮ ಜಿಲ್ಲೆಯ ಕರಿಕಲ್ಲು ಏಕೆ ಕಪ್ಪಗಿದೆ? ಹೊಲಿಗೆ ಯಂತ್ರದಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಗಂಟು ಬೀಳುವುದು ಹೇಗೆ? ಇವು ಸೂಚನೆಗಳು ಮಾತ್ರ. ಇದಕ್ಕಿಂತ ಒಳ್ಳೆಯ ಪ್ರಶ್ನೆ ನಿಮ್ಮ ಮನೆಯಲ್ಲಿಯೇ ಇರಬಹುದು. ತಂದೆ ತಾಯಿ ದಿನವೂ ಮಾಡುವ ಕೆಲಸದಿಂದ ಹುಡುಕಲು ಶುರು ಮಾಡಿ.

ಅಕ್ಷರ ದುಂಡಗಿಲ್ಲ ಎಂದು ಯಾರೂ ಹಿಂಜರಿಯಬೇಡಿ. ಓದಲು ಬಂದರೆ ಸಾಕು. ನಿಮ್ಮ ಪುಟಗಳಿಗಾಗಿ ನಾವು ಕಾಯುತ್ತಿರುತ್ತೇವೆ.